ಅಳಿಯ ರೇಡಿಯೋದಲ್ಲಿ ನಾಯಕರ ದನಿ ತೆಗೆದ, ಅಂಗಡಿಗೆ ನಾಲ್ಕು ಜನ ಬಂದರು. ಕ್ಷಮೆ ಕೇಳಬೇಕಾ?

ಕಿರಾಣಿ ಮಾವ (ಕುಮಟಾ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಹೇಳಿ.

ನನ್ನ ಅಕ್ಕನ ಮಗನಿಗೆ 24 ವರ್ಷ. ಅವನೂ ಇಬ್ಬರು ಗೆಳೆಯರೂ ಸೇರಿ ನಮ್ಮ ಅಂಗಡಿ ಮೇಲಿನ ಕೋಣೆಯಲ್ಲಿ ಇಂಟರ್‌ನೆಟ್ ರೇಡಿಯೋ ನಡೆಸುತ್ತಾರೆ. ಗೋಡೆಗೆಲ್ಲ ಮೊಟ್ಟೆ ಟ್ರೇ ಹೊಡೆದಿದ್ದಾರೆ, ಅದೇ ಸ್ಟುಡಿಯೋ. ಭಾನುವಾರ ರಾತ್ರಿ ಒಂದು ತಾಸು ಹರಟೆ. ಊರ ಸುದ್ದಿ, ಫೋನ್ ಕರೆ, ನಡುವೆ ಮಿಮಿಕ್ರಿ. ಕೇಳುವವರು ಇನ್ನೂರು ಮುನ್ನೂರು ಜನ. ಅದರಲ್ಲಿ ಅರ್ಧ ಮುಂಬೈ, ಬೆಂಗಳೂರಿನಲ್ಲಿರುವ ನಮ್ಮವರೇ.

ಎರಡು ವಾರದ ಹಿಂದೆ ನಮ್ಮ ಉತ್ತರ ಕನ್ನಡಕ್ಕೆ ದೊಡ್ಡ ಆಸ್ಪತ್ರೆ ಇಲ್ಲದ ವಿಷಯ ಹಿಡಿದು ಮಿಮಿಕ್ರಿ ಮಾಡಿದರು. ನಾಯಕರು ಶಂಕುಸ್ಥಾಪನೆಗೆ ಬರುತ್ತಾರೆ. ಹಾರ, ತುರಾಯಿ, ಭಾಷಣ ಎಲ್ಲ ಆಯಿತು. ಕಲ್ಲು ಎಲ್ಲಿ ಅಂದರೆ ಕಲ್ಲೇ ಇಲ್ಲ. ಐದು ಚುನಾವಣೆಯಿಂದ ಇದೇ ಕಲ್ಲನ್ನು ಊರೂರಿಗೆ ಹೊತ್ತು ಹೊತ್ತು ಕಲ್ಲಿಗೇ ಎದೆನೋವು ಬಂದಿದೆ. ಇಲ್ಲಿ ಆಸ್ಪತ್ರೆ ಇಲ್ಲವಲ್ಲ, ಅದಕ್ಕೆ ಆಂಬುಲೆನ್ಸಿನಲ್ಲಿ ಹಾಕಿ ಮಂಗಳೂರಿಗೆ ಅಡ್ಮಿಟ್ ಮಾಡಿದ್ದಾರೆ. ಇಷ್ಟೇ. ಹೆಸರು ಎಲ್ಲೂ ಹೇಳಿಲ್ಲ. ಆದರೆ ದನಿ ಕೇಳಿದರೆ ಯಾರು ಅಂತ ಎಮ್ಮೆ ಕರುವಿಗೂ ಗೊತ್ತಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಭಾನುವಾರ ಏನೂ ಆಗಲಿಲ್ಲ. ಬುಧವಾರ ಯಾರೋ 40 ಸೆಕೆಂಡಿನ ತುಂಡು ಕತ್ತರಿಸಿ ವಾಟ್ಸ್ಆ್ಯಪ್‌ಗೆ ಬಿಟ್ಟರು. ಗುರುವಾರ ಸಂಜೆ ಎರಡು ಬೈಕಿನಲ್ಲಿ ನಾಲ್ಕು ಜನ ಅಂಗಡಿಗೆ ಬಂದರು. ಹುಡುಗ ಕೈ ಮುಗಿದು ಕ್ಷಮೆ ಕೇಳಿದ ವಿಡಿಯೋ ಬೇಕಂತೆ. ಇಲ್ಲದಿದ್ದರೆ 'ನೋಡಿಕೊಳ್ಳುತ್ತೇವೆ'. ಅವರಲ್ಲಿ ಒಬ್ಬನ ಉದ್ರಿ ನನ್ನ ಪುಸ್ತಕದಲ್ಲಿ 2,340 ರೂಪಾಯಿ ಇದೆ. ಬೆದರಿಕೆ ಹಾಕಿ ಹೋಗುವಾಗ ಒಂದು ಬಿಸ್ಕೆಟ್ ಪ್ಯಾಕೆಟ್ ತೆಗೆದುಕೊಂಡು 'ಬರೆದಿಡಿ' ಅಂದ.

ಅಕ್ಕ ಅಳುತ್ತಿದ್ದಾಳೆ, ಕೇಳಿ ಮುಗಿಸು ಅನ್ನುತ್ತಾಳೆ. ಅಳಿಯ ಒಪ್ಪುವುದಿಲ್ಲ. ನೀವೇನು ಹೇಳುತ್ತೀರಿ?

ಅಡಿಕೆ ಮಂಡಿ (ಶಿರಸಿ)

ಮೊದಲು ಉದ್ರಿ ವಸೂಲಿ ಮಾಡಿ.

ಬಂಗಡೆ ಸಾರು (ಕಾರವಾರ)

ಕಲ್ಲಿಗೆ ಎದೆನೋವು!! ಮಾರಾಯರೆ, ರಾಶಿ ನಕ್ಕೆ. ಪೂರ್ತಿ ಕಂತಿನ ಲಿಂಕ್ ಹಾಕಿ.

ಕ್ಷಮೆ ಗಿಮೆ ಏನೂ ಬೇಡ. ನಮ್ಮ ಜಿಲ್ಲೆಯಲ್ಲಿ ತಲೆಗೆ ಪೆಟ್ಟು ಬಿದ್ದರೆ ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾ. 2022ರಲ್ಲಿ 'ಆಸ್ಪತ್ರೆ ಇಲ್ಲದಿದ್ದರೆ ಓಟಿಲ್ಲ' ಅಂತ ನಾವೇ ಟ್ವಿಟರ್ ತುಂಬಿಸಿದೆವು. ಏನಾಯಿತು? ಒಂದು ಆಸ್ಪತ್ರೆ ಇಲ್ಲ ಇಡೀ ಜಿಲ್ಲೆಗೆ.

ಕೋಡಿಬಾಗ ಕಟ್ಟೆ (ಕಾರವಾರ)

@ಬಂಗಡೆ ಸಾರು, ಒಂದು ಆಸ್ಪತ್ರೆ ಇಲ್ಲ ಅನ್ನಬೇಡಿ. ಕಾರವಾರದಲ್ಲಿ ಮೆಡಿಕಲ್ ಕಾಲೇಜೇ ಇದೆ. ಜನ ಕೇಳಿದ್ದು ಸೂಪರ್ ಸ್ಪೆಷಾಲಿಟಿ. ಬೈಯುವಾಗ ಸರಿಯಾಗಿ ಬೈಯಿರಿ.

ಬಂಗಡೆ ಸಾರು (ಕಾರವಾರ)

ಸರಿ ಗುರುಗಳೇ, ತಿದ್ದಿಕೊಂಡೆ. ಎದೆಗೆ ಸ್ಟೆಂಟ್ ಹಾಕಿಸಲು ಎಲ್ಲಿಗೆ ಹೋಗುತ್ತೀರಿ ಅಂತಲೂ ಹೇಳಿಬಿಡಿ.

ಘಟ್ಟದ ಮೇಲಿನವ (ಸಿದ್ದಾಪುರ)

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದೀರಿ. ನಾನು ಬೇರೆ ಮಾತು ಹೇಳುತ್ತೇನೆ, ಬೈದರೂ ಪರವಾಗಿಲ್ಲ.

ಬೈಕಿನಲ್ಲಿ ಬಂದು ಹೆದರಿಸಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆಂಬುಲೆನ್ಸ್ ತಮಾಷೆ ನನಗೆ ನಗು ತರಿಸಲಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹಾಕಿಕೊಂಡು ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ಕು ಜನ ಸತ್ತರು. (ಬೈಂದೂರು ಹತ್ತಿರದ ಶಿರೂರು, ಅಂಕೋಲೆಯ ಗುಡ್ಡ ಕುಸಿದ ಶಿರೂರು ಅಲ್ಲ.) ಆ ಮನೆಯವರು ರೇಡಿಯೋ ಕೇಳುತ್ತಿದ್ದರೆ? ಎಚ್ಚರ ಬೇಕು ಅಲ್ವಾ?

ಇನ್ನೊಂದು. ಈ ಹುಡುಗರು ಒಂದೇ ಪಕ್ಷದವರ ದನಿ ತೆಗೆಯುತ್ತಾರಾ, ಎಲ್ಲರದ್ದೂ ತೆಗೆಯುತ್ತಾರಾ?

ಕಿರಾಣಿ ಮಾವ (ಕುಮಟಾ)

ಎಲ್ಲರದ್ದೂ ತೆಗೆಯುತ್ತಾನೆ. ಪಕ್ಷಕ್ಕೊಬ್ಬರಂತೆ ಸಿಟ್ಟು ಮಾಡಿಕೊಂಡಿದ್ದಾರೆ. ನನ್ನ ದನಿಯನ್ನೂ ತೆಗೆಯುತ್ತಾನೆ, 'ಚಿಲ್ಲರೆ ಇಲ್ಲ' ಅನ್ನುವುದು.

ಆಂಬುಲೆನ್ಸ್ ಮಾತು ನನಗೆ ಹೊಳೆದಿರಲಿಲ್ಲ. ಅವನಿಗೆ ಓದಿ ಹೇಳುತ್ತೇನೆ.

ಬಂಗಡೆ ಸಾರು (ಕಾರವಾರ)

ಆ ನಾಲ್ಕು ಜನ ಸತ್ತಿದ್ದಕ್ಕೇ ಅಲ್ವಾ ಈ ತಮಾಷೆ ಹುಟ್ಟಿದ್ದು? ಆಂಬುಲೆನ್ಸ್ ಬಗ್ಗೆ ನಗುತ್ತಿಲ್ಲ ಮಾರಾಯರೆ, ಆಂಬುಲೆನ್ಸಿಗೆ 150 ಕಿಲೋಮೀಟರ್ ಓಡುವ ಕೆಲಸ ಇಟ್ಟವರ ಬಗ್ಗೆ ನಗುತ್ತಿದ್ದೇವೆ.

ಘಟ್ಟದ ಮೇಲಿನವ (ಸಿದ್ದಾಪುರ)

ಸತ್ತವರ ಮನೆಯವರು ಅದನ್ನು ಹೇಳಬಹುದು. ನೀವು ಹೇಳಬೇಡಿ.

ಹಳೇ ಟ್ರಾನ್ಸಿಸ್ಟರ್ (ಶಿರಸಿ)

ರೇಡಿಯೋಗೆ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಕಟ್ಟುತ್ತಿದ್ದ ಕಾಲದವನು ನಾನು. ಧಾರವಾಡ ಆಕಾಶವಾಣಿ 765 ಕಿಲೋ ಹರ್ಟ್ಸ್, ಮಳೆಗಾಲದಲ್ಲಿ ಬರೀ ಗರಗರ. ಆಮೇಲೆ ಕೆಲವು ವರ್ಷ ಒಂದು ನಿಲಯದಲ್ಲಿ ತಾತ್ಕಾಲಿಕ ಉದ್ಘೋಷಕನಾಗಿ ಕೆಲಸ ಮಾಡಿದೆ. ಯಾವುದು ಅಂತ ಕೇಳಬೇಡಿ.

ಆಕಾಶವಾಣಿಗೆ ಒಂಬತ್ತು ಅಂಶದ ಒಂದು ಸಂಹಿತೆ ಇದೆ. ಮಿತ್ರ ದೇಶವನ್ನು ಟೀಕಿಸಬಾರದು. ಧರ್ಮ, ಸಮುದಾಯದ ಮೇಲೆ ದಾಳಿ ಮಾಡಬಾರದು. ಯಾವುದೇ ಪಕ್ಷವನ್ನು ಹೆಸರು ಹಿಡಿದು ಬೈಯಬಾರದು. ಹೀಗೆ ಸಾಗುತ್ತದೆ. ನಮಗೆ ಅದು ಬಾಯಿಪಾಠ. ಹಾಗಂತ ಹಾಸ್ಯ ಇರಲಿಲ್ಲ ಅಂತಲ್ಲ. ಬೆಂಗಳೂರು ಆಕಾಶವಾಣಿಯ 'ಈರಣ್ಣ' ಅಂತಲೇ ಹೆಸರಾದ ಎ.ಎಸ್. ಮೂರ್ತಿಯವರು ಇದ್ದರಲ್ಲ. ಚರಂಡಿ, ನಲ್ಲಿ, ಬಸ್ಸು, ಕಚೇರಿ. ಅಷ್ಟರಲ್ಲೇ ಕಚಗುಳಿ ಇಡುತ್ತಿದ್ದರು. ಹೆಸರಿಲ್ಲದೆ ಕುಟುಕುವುದು ಒಂದು ವಿದ್ಯೆ.

ನನ್ನದೊಂದು ಕತೆ. ನಾನು ಬರೆದ ಪ್ರಹಸನದಲ್ಲಿ 'ಸೇತುವೆ ಇದೆ, ಹೊಳೆಯೇ ಇಲ್ಲ' ಅಂತ ಒಂದು ಸಾಲಿತ್ತು. ಮೇಲಿನವರು ಕರೆದರು.

'ಯಾವ ಸೇತುವೆ ಇದು?'

'ಯಾವುದೂ ಅಲ್ಲ ಸರ್, ಸುಮ್ನೆ ಕಲ್ಪನೆ.'

'ಒಂದು ಸೇತುವೆ ಆಗಿದ್ದರೆ ಒಬ್ಬನಿಗೆ ಸಿಟ್ಟು ಬರುತ್ತಿತ್ತು. ಯಾವುದೂ ಅಲ್ಲ ಅಂದರೆ ಎಲ್ಲರೂ ತಮ್ಮದೇ ಅಂದುಕೊಳ್ಳುತ್ತಾರೆ. ತೆಗೆಯಿರಿ.'

ತೆಗೆದೆ. ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಹಾಸ್ಯ ಹೇಗೆ ನಾಟುತ್ತದೆ ಅಂತ ಆ ಮನುಷ್ಯನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಡಿಕೆ ಮಂಡಿ (ಶಿರಸಿ)

ತುರ್ತು ಪರಿಸ್ಥಿತಿಯಲ್ಲಿ ಕಿಶೋರ್ ಕುಮಾರ್ ಹಾಡನ್ನೇ ಆಕಾಶವಾಣಿ ನಿಲ್ಲಿಸಿತ್ತು. 1976. ಸರ್ಕಾರದ ಕಾರ್ಯಕ್ರಮಕ್ಕೆ ಬರಲ್ಲ ಅಂದಿದ್ದಕ್ಕೆ. ಹಾಡಿಗೇ ಗತಿ ಅದು. ಇನ್ನು ಹಾಸ್ಯಕ್ಕೆ ಕೇಳಬೇಕಾ.

ಪೇಪರ್ ಮಿಲ್ ಸೈರನ್ (ದಾಂಡೇಲಿ)

ಖಾಸಗಿ ಎಫ್‌ಎಂ ಬಂದ ಮೇಲೂ ಅಷ್ಟೇ. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಯಿತು. ಇವತ್ತಿಗೂ ಅವರು ಸ್ವಂತ ಸುದ್ದಿ ಓದುವ ಹಾಗಿಲ್ಲ. ಆಕಾಶವಾಣಿ ಸುದ್ದಿಯನ್ನೇ ಹಾಗ್ಹಾಗೇ ಬಿಡಬೇಕು. ಸುದ್ದಿ ಇಲ್ಲದೆ ರಾಜಕೀಯ ಹಾಸ್ಯ ಮಾಡುವುದು ಅಂದರೆ ಮೀನಿಲ್ಲದೆ ಮೀನು ಸಾರು ಮಾಡಿದ ಹಾಗೆ. ಅದಕ್ಕೇ ಆರ್‌ಜೆಗಳೆಲ್ಲ ರಸ್ತೆ ಗುಂಡಿ ಹಿಡಿದುಕೊಂಡಿದ್ದು. ಗುಂಡಿ ಸುದ್ದಿ ಅಲ್ಲವಂತೆ, ಟ್ರಾಫಿಕ್ ಮಾಹಿತಿ.

ಮುಂಬೈನ ಆರ್‌ಜೆ ಮಲಿಷ್ಕಾ ಮಾಡಿದ್ದು ಅದನ್ನೇ. 2017ರ ಮಳೆಗಾಲದಲ್ಲಿ ಪಾಲಿಕೆ ಮೇಲೆ ನಿಮಗೆ ಭರವಸೆ ಇಲ್ವಾ ಅಂತ ಒಂದು ಅಣಕು ಹಾಡು ಹಾಡಿದಳು. ಪಾಲಿಕೆಯವರು ಅವಳ ಮನೆಗೆ ಹೋಗಿ ಡೆಂಗಿ ಸೊಳ್ಳೆ ಮರಿ ಹುಡುಕಿ ನೋಟಿಸ್ ಕೊಟ್ಟರು! 500 ಕೋಟಿಯ ಮಾನನಷ್ಟ ಮೊಕದ್ದಮೆಯನ್ನೂ ಹಾಕಿದರು.

ಕರಿ ಕೋಟು (ಶಿರಸಿ)

ಸಣ್ಣ ತಿದ್ದುಪಡಿ. ಮೊಕದ್ದಮೆ ಹಾಕಿದರು ಅನ್ನುವುದು ಜಾಸ್ತಿ ಆಯಿತು. ಇಬ್ಬರು ಕಾರ್ಪೊರೇಟರ್‌ಗಳು 500 ಕೋಟಿ ಕೇಳಿ ಅಂತ ಕಮಿಷನರಿಗೆ ಪತ್ರ ಬರೆದರು. ಸೊಳ್ಳೆ ನೋಟಿಸ್ ಮಾತ್ರ ನಿಜ.

ಈಗ ನಿಮ್ಮ ಅಳಿಯನ ವಿಷಯ. ಇಂಟರ್‌ನೆಟ್ ರೇಡಿಯೋಗೆ ಎಫ್‌ಎಂ ಲೈಸೆನ್ಸಿನ ಷರತ್ತು ತಾಗುವುದಿಲ್ಲ. ಆಕಾಶವಾಣಿ ಸಂಹಿತೆಯೂ ಇಲ್ಲ. ಆದರೆ ಕಾನೂನು ಎಲ್ಲರಿಗೂ ಇದೆ. ಮಾನಹಾನಿ ಇನ್ನೂ ಕ್ರಿಮಿನಲ್ ಅಪರಾಧವೇ. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ಹಿಂದೆ ಐಪಿಸಿ 499, 500 ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356. ಕಲ್ಲಿಗೆ ಎದೆನೋವು ಅಂದಿದ್ದಕ್ಕೆ ಅದು ನಿಲ್ಲುವುದು ಕಷ್ಟ. ಕಲ್ಲು ಬಂದು ದೂರು ಕೊಡಬೇಕಷ್ಟೆ.

'66ಎ ಹಾಕಿಸುತ್ತೇವೆ' (ಐಟಿ ಕಾಯ್ದೆಯ ಕಲಂ) ಅಂತ ಯಾರಾದರೂ ಹೆದರಿಸಿದರೆ ನಕ್ಕುಬಿಡಿ. ಅದನ್ನು 2015ರ ಮಾರ್ಚಿನಲ್ಲೇ ಕೋರ್ಟು ಹೊಡೆದು ಹಾಕಿದೆ. ಆಮೇಲೂ ಕೆಲವು ಠಾಣೆಗಳಲ್ಲಿ ಅದರ ಮೇಲೆ ಕೇಸು ಬರೆಯುತ್ತಲೇ ಇದ್ದರು. 2021ರಲ್ಲಿ ಸುಪ್ರೀಂ ಕೋರ್ಟೇ ಆಘಾತ ಆಯಿತು ಅಂತ ಹೇಳಿತು.

ಅಂಗಡಿಗೆ ಬಂದು ಬೆದರಿಸಿದ್ದೇ ಅಪರಾಧ. ಅಂಗಡಿಯಲ್ಲಿ ಕ್ಯಾಮೆರಾ ಇದ್ದರೆ ಆ ದೃಶ್ಯ ತೆಗೆದಿಡಿ. ಕ್ಷಮೆ ವಿಡಿಯೋ ಮಾತ್ರ ಮಾಡಬೇಡಿ. ಒಂದು ಸಲ ಕೈ ಮುಗಿದ ವಿಡಿಯೋ ಹೋದರೆ ಅದು ಅಳಿಸುವುದಿಲ್ಲ.

ಕಿರಾಣಿ ಮಾವ (ಕುಮಟಾ)

ಕ್ಯಾಮೆರಾ ಇದೆ. ಬಿಸ್ಕೆಟ್ ತೆಗೆದುಕೊಂಡಿದ್ದು ಸ್ಪಷ್ಟ ಕಾಣುತ್ತದೆ.

ಚಂಡೆ ಮದ್ದಳೆ (ಹೊನ್ನಾವರ)

ನಮ್ಮ ಕಡೆಯವರಿಗೆ ರಾಜಕೀಯ ಹಾಸ್ಯ ರೇಡಿಯೋ ಬಂದು ಕಲಿಸಬೇಕಾ? ಯಕ್ಷಗಾನ ಆಟಕ್ಕೆ ಹೋಗಿ ನೋಡಿ. ರಾಮಾಯಣದ ಪ್ರಸಂಗದಲ್ಲಿ ದೂತ ಬಂದು ರಸ್ತೆ ಗುಂಡಿ ಬಗ್ಗೆ ಎರಡು ಮಾತಾಡಿ ಹೋಗುತ್ತಾನೆ. 'ಲಂಕೆಗೆ ಸೇತುವೆ ಐದು ದಿನದಲ್ಲಿ ಕಟ್ಟಿದರು, ಟೆಂಡರ್ ಕರೆದಿರಲಿಲ್ಲ' ಅಂದರೆ ಇಡೀ ಗದ್ದೆ ನಗುತ್ತದೆ. ಶಾಸಕರು ಮುಂದಿನ ಕುರ್ಚಿಯಲ್ಲೇ ಇರುತ್ತಾರೆ. ಅವರೂ ನಗಬೇಕು, ಬೇರೆ ದಾರಿ ಇಲ್ಲ.

ಆದರೆ ಒಂದು ವಿಷಯ ಗಮನಿಸಿ. ಹಾಸ್ಯಗಾರ ಅತಿ ಮಾಡಿದ ಅನ್ನಿಸಿದರೆ ಭಾಗವತರು ಸುಮ್ಮನೆ ಜಾಗಟೆ ಹೊಡೆದು ಪದ ಎತ್ತಿಬಿಡುತ್ತಾರೆ. ಮುಗಿಯಿತು. ಅವನ ಮಾತು ಅಲ್ಲಿಗೇ ನಿಂತಿತು, ಕುಣಿಯಲೇಬೇಕು. ರಂಗದಲ್ಲಿ ಒಬ್ಬ ಯಜಮಾನ ಇರುತ್ತಾನೆ. ನಿಮ್ಮ ಮೊಟ್ಟೆ ಟ್ರೇ ಕೋಣೆಯಲ್ಲಿ ಭಾಗವತರು ಯಾರು?

ಕಿರಾಣಿ ಮಾವ (ಕುಮಟಾ)

ಹತ್ತೂವರೆಗೆ ಅಕ್ಕ ಕೆಳಗಿನಿಂದ 'ಊಟಕ್ಕೆ ಬಾರೋ' ಅಂತ ಕೂಗುತ್ತಾಳೆ. ಅವಳೇ.

ಗೋವಾ ಬಸ್ಸು (ಸದಾಶಿವಗಡ)

ನಾವು ಕಾಳಿ ನದಿ ಆಚೆಯವರು ತಿಯಾತ್ರ್ (ಕೊಂಕಣಿ ನಾಟಕ) ನೋಡಲು ಗೋವಾಕ್ಕೆ ಹೋಗುತ್ತೇವೆ. ಅಲ್ಲಿ ನಾಟಕದ ನಡುವೆ ಹಾಡು ಬರುತ್ತದೆ, ಕಾಂತಾರ್ ಅನ್ನುತ್ತಾರೆ. ಮಂತ್ರಿಯ ಹೆಸರು ಹಿಡಿದೇ ಹಾಡುತ್ತಾರೆ. ಜನ ಒನ್ಸ್ ಮೋರ್ ಕೂಗುತ್ತಾರೆ. ನಮ್ಮಲ್ಲಿ ಹೆಸರು ಹೇಳದಿದ್ದರೂ ಬೈಕ್ ಬರುತ್ತದೆ. ಎರಡೂ ಕಡೆ ಮಧ್ಯೆ ಒಂದು ಸೇತುವೆ ಅಷ್ಟೇ. ಅದರಲ್ಲೂ ಹಳೆಯದು 2024ರ ಆಗಸ್ಟಿನಲ್ಲಿ ಬಿದ್ದೇ ಹೋಯಿತು.

ಕೋಡಿಬಾಗ ಕಟ್ಟೆ (ಕಾರವಾರ)

ಆ ರಾತ್ರಿ ಲಾರಿ ಸಮೇತ ಬಿತ್ತು. ಚಾಲಕ ಬದುಕಿದ್ದು ನಮ್ಮ ಮೀನುಗಾರರಿಂದ, ಪೊಲೀಸರಿಂದ. ಅದರ ಮೇಲೂ ಯಾರೋ ಜೋಕ್ ಮಾಡಿದ್ದರು, ನೆನಪಿದೆ.

ಬಂಗಡೆ ಸಾರು (ಕಾರವಾರ)

ವಿಷಯಕ್ಕೆ ಬನ್ನಿ. ಸೇತುವೆಗೆ ಬೇರೆ ಕಟ್ಟೆ ಇದೆ.

ಕಾಸರಕೋಡ ಗಾಳಿ (ಈಗ ಅಮೆರಿಕ)

ಇಲ್ಲಿ ಇದೆಲ್ಲ ಸಮಸ್ಯೆಯೇ ಇಲ್ಲ. ಅಧ್ಯಕ್ಷರನ್ನೇ ದಿನಾ ಅಣಕಿಸುತ್ತಾರೆ. ನಮ್ಮವರಿಗೆ ಹಾಸ್ಯ ಪ್ರಜ್ಞೆ ಇಲ್ಲ ಅಷ್ಟೇ.

ಹಳೇ ಟ್ರಾನ್ಸಿಸ್ಟರ್ (ಶಿರಸಿ)

ತಮ್ಮಾ, ಅಲ್ಲಿಯ ಟಾಕ್ ರೇಡಿಯೋ ಕತೆ ಅಷ್ಟು ಸಲೀಸಲ್ಲ. ಎರಡೂ ಕಡೆಯ ಮಾತಿಗೆ ಜಾಗ ಕೊಡಬೇಕು ಅನ್ನುವ ನಿಯಮ ಅಲ್ಲಿತ್ತು. 1987ರಲ್ಲಿ ತೆಗೆದರು. ಮರುವರ್ಷವೇ ರಶ್ ಲಿಂಬಾ ಅನ್ನುವ ನಿರೂಪಕ ದೇಶಕ್ಕೆಲ್ಲ ಕೇಳಿಸುವ ಹಾಗೆ ಶುರು ಮಾಡಿದ. ದಿನಕ್ಕೆ ಮೂರು ತಾಸು ಒಂದೇ ಕಡೆಯ ಅಣಕ. 2012ರಲ್ಲಿ ಒಬ್ಬ ಕಾನೂನು ವಿದ್ಯಾರ್ಥಿನಿಯನ್ನು ಹೊಲಸಾಗಿ ಆಡಿಕೊಂಡ. ಜಾಹೀರಾತುದಾರರು ಒಬ್ಬೊಬ್ಬರಾಗಿ ಕೈ ಬಿಟ್ಟರು. ಕೊನೆಗೆ ಕ್ಷಮೆ ಕೇಳಿದ. ಅದಕ್ಕೂ ಐದು ವರ್ಷ ಮೊದಲು ಡಾನ್ ಐಮಸ್ ಅನ್ನುವ ಇನ್ನೊಬ್ಬ ರೇಡಿಯೋ ನಿರೂಪಕ ಕಾಲೇಜು ಬಾಸ್ಕೆಟ್‌ಬಾಲ್ ಹುಡುಗಿಯರ ಮೇಲೆ ಜೋಕ್ ಮಾಡಿ ಕೆಲಸ ಕಳೆದುಕೊಂಡ.

ನೋಡಿ, ಇಬ್ಬರೂ ವರ್ಷಗಟ್ಟಲೆ ದೊಡ್ಡವರನ್ನು ಬೈದರು, ಏನೂ ಆಗಲಿಲ್ಲ. ಸಿಕ್ಕಿಬಿದ್ದಿದ್ದು ಚಿಕ್ಕವರನ್ನು ಬೈದಾಗ.

ಕಾಸರಕೋಡ ಗಾಳಿ (ಈಗ ಅಮೆರಿಕ)

ಸರಿ ಸರ್. ಇಷ್ಟೆಲ್ಲ ನೀವು ಶಿರಸಿಯಲ್ಲಿ ಕೂತು ಹೇಗೆ ತಿಳಿದುಕೊಂಡಿರಿ?

ಹಳೇ ಟ್ರಾನ್ಸಿಸ್ಟರ್ (ಶಿರಸಿ)

ಶಾರ್ಟ್ ವೇವ್.

ಬೆಳಂಬಾರದ ಮಗಳು (ಅಂಕೋಲಾ)

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯೋದಾ ಬೇಡವಾ ಅಂತ ಯೋಚಿಸುತ್ತಿದ್ದೆ. ಹಳೇ ಟ್ರಾನ್ಸಿಸ್ಟರ್ ಅವರ ಕೊನೆಯ ಮಾತು ನೋಡಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಸುಗ್ಗಿಯ ಹಗರಣ ಇದೆ. ಹೋಳಿ ಹುಣ್ಣಿಮೆ ಹೊತ್ತಿಗೆ ನಮ್ಮ ಹಾಲಕ್ಕಿ ಒಕ್ಕಲಿಗ ಸಮುದಾಯದವರು ವೇಷ ಹಾಕಿ ಹೊರಡುತ್ತಾರೆ. ಆ ವರ್ಷ ಊರಲ್ಲಿ, ದೇಶದಲ್ಲಿ ಏನಾಯಿತೋ ಅದರದ್ದೇ ಅಣಕ. ಡಾಕ್ಟರು, ಪೊಲೀಸು, ಮಂತ್ರಿ, ಯಾರನ್ನೂ ಬಿಡುವುದಿಲ್ಲ. ಪೇಪರಿನವರಿಗೆ ಹಗರಣ ಅಂದರೆ ಕೋಟಿ ನುಂಗುವುದು. ನಮಗೆ ಹಗರಣ ಅಂದರೆ ನುಂಗಿದವನ ವೇಷ ಹಾಕುವುದು. ಹಾಗಾಗಿ ದೊಡ್ಡವರನ್ನು ಆಡಿಕೊಳ್ಳುವುದು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ.

ಲಿಂಕ್ ಹುಡುಕಿ ಪೂರ್ತಿ ಕಂತು ಕೇಳಿದೆ. ಕಲ್ಲಿಗೆ ಎದೆನೋವು ಬಂದಾಗ ನಾನೂ ನಕ್ಕೆ. ಆಮೇಲೆ ಒಬ್ಬಳು ಅಜ್ಜಿ ಬಂದಳು. ಕಿರಾಣಿ ಮಾವ, ಆ ಅಜ್ಜಿ ಬಗ್ಗೆ ನೀವು ಇಲ್ಲಿ ಬರೆದೇ ಇಲ್ಲ. ಮರೆತಿರೋ, ಅದು ಲೆಕ್ಕಕ್ಕೇ ಬರಲಿಲ್ಲವೋ.

ಅಜ್ಜಿಗೆ 500ರ ನೋಟು ಕೊಡುತ್ತಾರೆ. ಅವಳು ಎರಡೂ ಪಕ್ಷಕ್ಕೆ ಓಟು ಹಾಕಲು ನೋಡುತ್ತಾಳೆ. ಆಸ್ಪತ್ರೆ ಅಂದರೆ ಏನು, ಅಲ್ಲಿ ಗಂಜಿ ಕೊಡುತ್ತಾರಾ ಅಂತ ಕೇಳುತ್ತಾಳೆ. ಅವಳ ಮಾತನ್ನು ನಮ್ಮ ಮಾತಿನ ಹಾಗೆ ಮಾಡಿದ್ದಾರೆ. (ಹಾಗೆ ನಾವು ಮಾತಾಡುವುದೂ ಇಲ್ಲ. ಅಣಕ ಮಾಡುವಾಗಲಾದರೂ ಸರಿಯಾಗಿ ಕಲಿತು ಮಾಡಿ.) ನಾಯಕರು ಶುದ್ಧ ಪುಸ್ತಕದ ಕನ್ನಡ ಮಾತಾಡುತ್ತಾರೆ, ನಿರೂಪಕ ಪೇಟೆ ಕನ್ನಡ ಮಾತಾಡುತ್ತಾನೆ. ಪೆದ್ದಿ ಮಾತ್ರ ಹಾಲಕ್ಕಿ.

ನಮ್ಮಜ್ಜಿ ಕುತ್ತಿಗೆ ತುಂಬ ಮಣಿಸರ ಹಾಕಿಕೊಂಡು ಅಂಕೋಲಾ ಪೇಟೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದಳು. ಓದು ಬರುತ್ತಿರಲಿಲ್ಲ. ಅವಳ ಲೆಕ್ಕ ತಪ್ಪಿಸಿದವನನ್ನು ನಾನು ನೋಡಿಲ್ಲ. ನಮ್ಮ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು. ಹಾಡಿಗೆ ಮಾತ್ರ ಅಲ್ಲ, ಸಾರಾಯಿ ವಿರುದ್ಧ ಊರನ್ನೇ ಎಬ್ಬಿಸಿದವಳು ಅವಳು. ಗಿಡ ನೆಟ್ಟು ಹೆಸರಾದ ತುಳಸಿ ಗೌಡ ಅಜ್ಜಿ ಪದ್ಮಶ್ರೀ ತೆಗೆದುಕೊಳ್ಳಲು ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದಾಗ ನೀವೆಲ್ಲ ಫೋಟೋ ಹಾಕಿದ್ದಿರಿ. ಹೆಮ್ಮೆಪಡಲೂ ನಾವೇ ಬೇಕು, ಪೆದ್ದರ ಪಾತ್ರಕ್ಕೂ ನಮ್ಮ ಮಾತೇ ಬೇಕು.

ನಾಯಕರ ಪರ ನಾಲ್ಕು ಜನ ಬೈಕಿನಲ್ಲಿ ಬಂದರು. ಅಜ್ಜಿ ಪರ ಯಾರೂ ಬರಲ್ಲ. ಅದಕ್ಕೇ ಬರೆದೆ.

ಬಂಗಡೆ ಸಾರು (ಕಾರವಾರ)

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ, ಸ್ವಲ್ಪ ಸೂಕ್ಷ್ಮ ಜಾಸ್ತಿ ಆಯಿತು ಅನ್ನಿಸಲ್ವಾ? ಹಳ್ಳಿ ಅಜ್ಜಿ ಅಂದರೆ ಯಾವುದೋ ಒಂದು ಹಳ್ಳಿ ಮಾತು ಬೇಕಲ್ಲ. ಹೀಗೆ ಒಬ್ಬೊಬ್ಬರು ಒಂದೊಂದು ಅಂದರೆ ಕೊನೆಗೆ ಯಾರ ಮೇಲೂ ಜೋಕ್ ಮಾಡುವ ಹಾಗಿಲ್ಲ.

ಬೆಳಂಬಾರದ ಮಗಳು (ಅಂಕೋಲಾ)

ನಾಯಕರ ಕಡೆಯವರೂ ಇದನ್ನೇ ಅಂದಿದ್ದರೆ 'ಸೂಕ್ಷ್ಮ' ಅಂತ ಎಲ್ಲರೂ ನಗುತ್ತಿದ್ದಿರಿ. ನನಗೂ ಅದೇ ಪದ ಕೊಟ್ಟಿರಿ. ನಾನು ಯಾರ ಅಂಗಡಿಗೂ ಹೋಗಿಲ್ಲ, ವಿಡಿಯೋ ಕೇಳಿಲ್ಲ. ಕೇಳಿಸಿಕೊಂಡೆ, ಹೀಗೆ ಅನ್ನಿಸಿತು ಅಂತ ಹೇಳಿದೆ. ಅಷ್ಟಕ್ಕೂ ಜಾಗ ಇಲ್ವಾ?

ಅಡಿಕೆ ಮಂಡಿ (ಶಿರಸಿ)

ಸಿನಿಮಾ, ಧಾರಾವಾಹಿಯಲ್ಲಿ ನಮ್ಮ ಹವ್ಯಕರ ಮಾಣಿ ಯಾವಾಗಲೂ ಅಡುಗೆ ಭಟ್ಟ ಇಲ್ಲಾ ಪುಕ್ಕಲ. ನಾವು ನಗುತ್ತೇವೆ, ಸುಮ್ಮನಿರುತ್ತೇವೆ.

ಬೆಳಂಬಾರದ ಮಗಳು (ಅಂಕೋಲಾ)

ನಿಮ್ಮ ಕಡೆಯವರು ಮಂತ್ರಿ, ಸಂಪಾದಕ, ಪ್ರೊಫೆಸರ್ ಎಲ್ಲ ಆಗಿದ್ದಾರೆ ಅಣ್ಣ. ಮಾಣಿ ಅಂದ ತಕ್ಷಣ ಕೇಳುವವನ ಕಣ್ಣ ಮುಂದೆ ಹತ್ತು ಮುಖ ಬರುತ್ತವೆ. ನಮ್ಮದು ಒಂದೇ ಮುಖ ಬರುತ್ತದೆ. ಎಸ್‌ಟಿ ಪಟ್ಟಿಗೆ ಸೇರಿಸಿ ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ, ಗೊತ್ತಲ್ಲ. ಅಲ್ಲೂ ನಮ್ಮ ಮಾತು ಯಾರಿಗೂ ಕೇಳಿಸಲ್ಲ. ರೇಡಿಯೋದಲ್ಲಿ ಮಾತ್ರ ಚೆನ್ನಾಗಿ ಕೇಳಿಸುತ್ತದೆ.

ಅಡಿಕೆ ಮಂಡಿ (ಶಿರಸಿ)

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ತಂಗಿ.

ಘಟ್ಟದ ಮೇಲಿನವ (ಸಿದ್ದಾಪುರ)

ನಾನು ಮೊದಲು ಹೇಳಿದ್ದೂ ಇದೇ ಧಾಟಿ. ಆಗ ಬೈದಿರಿ.

ಬೆಳಂಬಾರದ ಮಗಳು (ಅಂಕೋಲಾ)

ಪೂರ್ತಿ ಒಂದೇ ಅಲ್ಲ ಸರ್. ನೀವು 'ಎಚ್ಚರ' ಅಂದಿರಿ. ಎಚ್ಚರ ಅಂತ ಹೇಳಿ ಹೇಳಿಯೇ ನಾಯಕರನ್ನೂ ಮುಟ್ಟಬೇಡಿ ಅನ್ನುವಲ್ಲಿಗೆ ಬರುತ್ತದೆ. ನಾಯಕರನ್ನು ಇನ್ನೂ ನಾಲ್ಕು ಮಾತು ಜಾಸ್ತಿ ಆಡಿಕೊಳ್ಳಲಿ, ನಾನೇ ಕೂತು ಕೇಳುತ್ತೇನೆ.

ಸ್ಟೇಷನ್ ರೋಡ್ (ಮುಂಬೈ, ಊರು ಹೊನ್ನಾವರ)

ಸಮುದಾಯದ ಮೇಲಿನ ಜೋಕ್ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. 2007ರ ಸೆಪ್ಟೆಂಬರ್. ಪ್ರಶಾಂತ್ ತಮಾಂಗ್ ಅನ್ನುವ ಡಾರ್ಜಿಲಿಂಗ್ ಹುಡುಗ ಟಿವಿಯ ಹಾಡಿನ ಸ್ಪರ್ಧೆ ಗೆದ್ದ. ದೆಹಲಿಯ ಎಫ್‌ಎಂ ಒಂದರಲ್ಲಿ ಆರ್‌ಜೆ ತಮಾಷೆ ಮಾಡಿದ. ಗೂರ್ಖಾ ಹಾಡಲು ಹೋದರೆ ಕಾವಲು ಕಾಯುವವರು ಯಾರು ಅನ್ನುವ ಧಾಟಿಯಲ್ಲಿ. ಸಿಲಿಗುರಿಯಲ್ಲಿ ಗಲಭೆ ಎದ್ದಿತು. ಕರ್ಫ್ಯೂ ಹಾಕಿದರು, ಸೈನ್ಯ ಬಂತು.

ದೆಹಲಿಯ ಎಫ್‌ಎಂ ಸಿಲಿಗುರಿಗೆ ಕೇಳಿಸುವುದೇ ಇಲ್ಲ. ಸಾವಿರ ಕಿಲೋಮೀಟರಿಗೂ ದೂರ. ಆಗ ವಾಟ್ಸ್ಆ್ಯಪ್ ಹುಟ್ಟಿರಲಿಲ್ಲ. ರೇಡಿಯೋ ಕೇಳದವರು, ಯಾರೋ ಹೇಳಿದ್ದನ್ನು ಕೇಳಿ ಬೀದಿಗೆ ಇಳಿದರು.

ಕಾಸರಕೋಡ ಗಾಳಿ (ಈಗ ಅಮೆರಿಕ)

ಬಿಬಿಸಿಯಲ್ಲೂ ಇದೇ ಆಗಿದ್ದು. 2008ರಲ್ಲಿ ರಸೆಲ್ ಬ್ರಾಂಡ್, ಜೊನಾಥನ್ ರಾಸ್ ಅನ್ನುವ ನಿರೂಪಕರು ಸೇರಿ ಒಬ್ಬ ಹಿರಿಯ ನಟರ ಫೋನಿಗೆ ಅವರ ಮೊಮ್ಮಗಳ ಬಗ್ಗೆ ಕೊಳಕು ಮಾತು ಬಿಟ್ಟು, ಅದನ್ನು ರೇಡಿಯೋದಲ್ಲಿ ಹಾಕಿದರು. ಪ್ರಸಾರ ಆದಾಗ ಬಂದ ದೂರು ಎರಡೇ ಎರಡು. ಮುಂದಿನ ವಾರ ಪೇಪರಿನಲ್ಲಿ ಬಂತು ನೋಡಿ, 40 ಸಾವಿರ ದಾಟಿತು. ಬಿಬಿಸಿಗೆ 1,50,000 ಪೌಂಡ್ ದಂಡ. ಅದು ನೇರ ಪ್ರಸಾರವೂ ಅಲ್ಲ. ಮೊದಲೇ ರೆಕಾರ್ಡ್ ಆಗಿ, ಮೇಲಿನವರು ಸೈ ಅಂದ ಮೇಲೆ ಹೋಗಿದ್ದು.

ಚಂಡೆ ಮದ್ದಳೆ (ಹೊನ್ನಾವರ)

ಭಾಗವತರು ನಿದ್ದೆ ಮಾಡಿದ್ದರು ಅನ್ನಿ.

ಕರಿ ಕೋಟು (ಶಿರಸಿ)

ಕಿರಾಣಿ ಮಾವ, ಆ 40 ಸೆಕೆಂಡಿನ ತುಂಡಿನಲ್ಲಿ ಯಾವ ಭಾಗ ಇದೆ? ಕಲ್ಲಿನದ್ದಾ, ಅಜ್ಜಿಯದ್ದಾ?

ನಿರ್ವಾಹಕರು

ಪಕ್ಷದ ಹೆಸರು ಹಾಕಿ ಬೈದ ಆರು ಪ್ರತಿಕ್ರಿಯೆ ತೆಗೆದಿದ್ದೇವೆ. ಎರಡು ಪಕ್ಷದ್ದೂ ಮೂರು ಮೂರು ಇತ್ತು, ಲೆಕ್ಕ ಸಮ. ನಾಯಕರು ಯಾರು ಅಂತ ಊಹಿಸುವ ಆಟವನ್ನೂ ಇಲ್ಲಿಗೆ ನಿಲ್ಲಿಸಿ.

ಕಿರಾಣಿ ಮಾವ (ಕುಮಟಾ)

ತಡವಾಗಿ ಬರೆಯುತ್ತಿದ್ದೇನೆ, ಅಂಗಡಿಗೆ ಸಾಮಾನು ಬಂದಿತ್ತು.

ಕರಿ ಕೋಟು ಕೇಳಿದ್ದಕ್ಕೆ ಉತ್ತರ. ಆ ತುಂಡಿನಲ್ಲಿ ಕಲ್ಲು ಇಲ್ಲ. ಆಂಬುಲೆನ್ಸೂ ಇಲ್ಲ. ನಾಯಕರು ಅಜ್ಜಿಗೆ 500ರ ನೋಟು ಕೊಡುವುದು, ಅಜ್ಜಿ ಗಂಜಿ ಕೇಳುವುದು, ಅಷ್ಟೇ. ಬಂದವರಿಗೆ ಸಿಟ್ಟು ಬಂದಿದ್ದು ನಾಯಕರು ನೋಟು ಕೊಟ್ಟರು ಅಂತ ತೋರಿಸಿದ್ದಕ್ಕೆ. ಕಲ್ಲಿನ ಜೋಕ್ ಅವರು ಕೇಳಿಯೇ ಇಲ್ಲ. ನಾನು ಇಲ್ಲಿ ಬರೆಯುವಾಗ ಅಜ್ಜಿಯನ್ನು ಯಾಕೆ ಬಿಟ್ಟೆ ಅಂತ ಯೋಚಿಸಿದೆ. ಮುಚ್ಚಿಡಬೇಕು ಅಂತ ಬಿಟ್ಟಿದ್ದಲ್ಲ. ಅದು ನನಗೆ ಜೋಕ್ ಅಂತಲೇ ಅನ್ನಿಸಿರಲಿಲ್ಲ, ಅಜ್ಜಿ ಅಂದರೆ ಹಾಗೇ ಇರುತ್ತಾಳೆ ಅಂದುಕೊಂಡಿದ್ದೆ. ನಮ್ಮ ಅಂಗಡಿಗೆ ವಾರಕ್ಕೊಮ್ಮೆ ಸೊಪ್ಪು ತರುವ ಅಜ್ಜಿ ಇದ್ದಾಳೆ, 30 ವರ್ಷದಿಂದ. ಅವಳಿಗೆ ಈ ತುಂಡು ಯಾರಾದರೂ ಕೇಳಿಸಿದ್ದಾರಾ ಅಂತ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಅಳಿಯನಿಗೆ ಎಲ್ಲ ಓದಿ ಹೇಳಿದೆ. ಬೈಕಿನವರ ವಿಷಯಕ್ಕೆ ಅವನು ಮೊದಲಿನ ಹಾಗೇ ಗಟ್ಟಿ. ವಿಡಿಯೋ ಮಾಡಲ್ಲ. ಅಜ್ಜಿ ವಿಷಯಕ್ಕೆ ಮೊದಲು ವಾದ ಮಾಡಿದ. ಸೋಮವಾರ ಬೆಳಿಗ್ಗೆ ತಾನೇ ಬಂದು, 'ಮಾವ, ಆ ದನಿ ನಾನು ಎಲ್ಲಿ ಕಲಿತೆ ಗೊತ್ತಾ, ಶಾಲೆ ಗ್ಯಾದರಿಂಗಿನಲ್ಲಿ. ಅಲ್ಲೂ ಎಲ್ಲರೂ ನಕ್ಕಿದ್ದರು. ನಮ್ಮ ಕ್ಲಾಸಿನಲ್ಲಿ ಹಾಲಕ್ಕಿ ಹುಡುಗರು ಮೂರು ಜನ ಇದ್ದರು' ಅಂದ. ಅಷ್ಟೇ ಹೇಳಿದ. ಮುಂದಿನ ಭಾನುವಾರ ರೇಡಿಯೋದಲ್ಲಿ ಈ ಮಾತು ಆಡುತ್ತಾನಂತೆ. ಮೊದಲಿನ ಕಂತು ತೆಗೆಯಬೇಕಾ, ಹಾಗೇ ಬಿಡಬೇಕಾ ಅಂತ ಗೆಳೆಯರ ಜೊತೆ ಜಗಳ ನಡೆದಿದೆ.

ಬೆಳಂಬಾರದ ಮಗಳು (ಅಂಕೋಲಾ)

ಕಂತು ತೆಗೆಯುವುದು ಬೇಡ. ಕಲ್ಲು ಚೆನ್ನಾಗಿದೆ. ಅಜ್ಜಿಯನ್ನು ಮತ್ತೆ ಕರೆಸಿ, ಈ ಸಲ ಅವಳು ಬುದ್ಧಿವಂತೆ ಆಗಿರಲಿ. ಮಂಗಳೂರಿಗೆ ಹೋಗಿ ಕಲ್ಲಿನ ಬಿಲ್ ಲೆಕ್ಕ ಹಾಕಲಿ. ಮಾತು ಹೇಗೆ ಅಂತ ಬೇಕಾದರೆ ನಾನು ಫೋನಿನಲ್ಲಿ ಹೇಳಿಕೊಡುತ್ತೇನೆ. ಆದರೆ ದನಿ ನನ್ನದಲ್ಲ, ನಮ್ಮ ಚಿಕ್ಕವ್ವಿಯದ್ದು. ಅವಳು ಒಪ್ಪಿದರೆ ಮಾತ್ರ. ನಾಯಕರನ್ನು ಅವಳು ನಿಮ್ಮ ಅಳಿಯನಿಗಿಂತ ಚೆನ್ನಾಗಿ ಬೈಯುತ್ತಾಳೆ.

ಬಂಗಡೆ ಸಾರು (ಕಾರವಾರ)

ಚಿಕ್ಕವ್ವಿ ಬಂದರೆ ನಾನು ಜಾಹೀರಾತು ಕೊಡುತ್ತೇನೆ. ನಿಜವಾಗಿ. ನಮ್ಮದು ಐಸ್ ಫ್ಯಾಕ್ಟರಿ ಇದೆ. ಮತ್ತೆ ಅಕ್ಕ, ಮೊನ್ನೆ 'ಸೂಕ್ಷ್ಮ' ಅಂದಿದ್ದು ವಾಪಸ್.

ಹಳೇ ಟ್ರಾನ್ಸಿಸ್ಟರ್ (ಶಿರಸಿ)

ಎಷ್ಟು ಗಂಟೆಗೆ ಬರುತ್ತದೆ? ಮೊಬೈಲಿನಲ್ಲಿ ಹಚ್ಚುವುದು ಹೇಗೆ ಅಂತ ಯಾರಾದರೂ ಬರೆಯಿರಿ. ನನ್ನ ಸೆಟ್ಟಿನಲ್ಲಿ ಮುಳ್ಳು ತಿರುಗಿಸಿ ಸಾಕಾಯಿತು, ಕಾರವಾರದ 102.3 ಬಿಟ್ಟರೆ ಏನೂ ಸಿಗಲಿಲ್ಲ.

ಕೋಡಿಬಾಗ ಕಟ್ಟೆ (ಕಾರವಾರ)

ಸರ್, ಅದು ಸೆಟ್ಟಿನಲ್ಲಿ ಬರಲ್ಲ 😄 ನಾನು ಫೋನ್ ಮಾಡಿ ಹೇಳಿಕೊಡುತ್ತೇನೆ, ನಂಬರ್ ಖಾಸಗಿಯಾಗಿ ಕಳಿಸಿ.

ಅಡಿಕೆ ಮಂಡಿ (ಶಿರಸಿ)

ಎಲ್ಲ ಸರಿ. ಉದ್ರಿ ಬಂತಾ?

ಕಿರಾಣಿ ಮಾವ (ಕುಮಟಾ)

ಇಲ್ಲ. ನಿನ್ನೆ ಬಂದು ಬೆಂಕಿಪೆಟ್ಟಿಗೆ, ಅರ್ಧ ಕಿಲೋ ಸಕ್ಕರೆ ಒಯ್ದ. ಭಾನುವಾರದ ಕಾರ್ಯಕ್ರಮ ಎಷ್ಟು ಹೊತ್ತಿಗೆ ಅಂತಲೂ ಕೇಳಿದ. ಹೇಳಿದೆ.